ರ‍್ಯಾಟ್‌ಕ್ಲಿಫ್‌ನಲ್ಲಿ ಕೊನೇ ಕಲ್ಲಿದ್ದಲು

ಲಂಡನ್‌ನಿಂದ ನಾಟಿಂಗ್‌ಹ್ಯಾಮ್‌ಗೆ ಟ್ರೈನಲ್ಲಿ ಹೋಗ್ತಾ ಇದ್ರೆ ಈಸ್ಟ್ ಮಿಡ್‌ಲ್ಯಾಂಡ್ಸ್ ಪಾರ್ಕ್‌ವೇ ಸ್ಟೇಷನ್ ಬಂತು ಅಂತ ತಿಳಿಯೋಕೆ ಬೋರ್ಡ್ ನೋಡೋದೇ ಬೇಡ, ಕಿಟಕಿ ತುಂಬಾ ಎಂಟು ಕೂಲಿಂಗ್ ಟವರ್, ಒಂದೊಂದೂ 114 ಮೀಟರ್. ಅದೇ ರ‍್ಯಾಟ್‌ಕ್ಲಿಫ್-ಆನ್-ಸೋರ್ ಪವರ್ ಸ್ಟೇಷನ್. ಆ ಟವರ್‌ಗಳಿಂದ ಏಳ್ತಿದ್ದ ಬಿಳೀದನ್ನ ಹೊಗೆ ಅಂದ್ಕೊಂಡೋರೇ ಜಾಸ್ತಿ, ಅದು ಬರೀ ನೀರಿನ ಹಬೆ ಮಾರಾಯ್ರೆ, ಹೊಗೆಗೆ ಬೇರೇನೇ 199 ಮೀಟರ್ ಚಿಮಣಿ ಇದೆ.

2024ರ ಸೆಪ್ಟೆಂಬರ್ 30ಕ್ಕೆ ಅದನ್ನ ನಿಲ್ಲಿಸಿದ್ರು. 1882ರಲ್ಲಿ ಎಡಿಸನ್ ಕಂಪನಿ ಲಂಡನ್ನಿನ ಹೋಬರ್ನ್ ವಯಾಡಕ್ಟಲ್ಲಿ ಶುರು ಮಾಡಿದ್ದ ಕಲ್ಲಿದ್ದಲು ಕರೆಂಟಿನ ಕಥೆ 142 ವರ್ಷ ನಡೆದು ಇಲ್ಲಿಗೆ ಮುಗೀತು, ಬ್ರಿಟನ್ನಲ್ಲಿ ಈಗ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಸ್ಥಾವರ ಒಂದೂ ಇಲ್ಲ. ಎಲ್ರೂ ಹವಾಮಾನದ ಮಾತಾಡಿದ್ರು, ಸರೀನೇ, ಆದ್ರೆ ನನಗನ್ಸೋದು ಈ ಸ್ಟೇಷನ್ ಅಲ್ಲಿ ಯಾಕಿತ್ತೋ ಆ ಕಾರಣಾನೇ ಅದಕ್ಕಿಂತ ಮುಂಚೆ ಸತ್ತಿತ್ತು.

1963ರಲ್ಲಿ ಕಟ್ಟೋಕೆ ಶುರು ಮಾಡಿದಾಗ ಲೆಕ್ಕ ಸಿಂಪಲ್. ಪಕ್ಕದಲ್ಲೇ ಟ್ರೆಂಟ್ ನದಿ ನೀರು, ಸುತ್ತ ಗಣಿಗಳು, ಅಲ್ಲಿಂದ ರೈಲಲ್ಲಿ ಕಲ್ಲಿದ್ದಲು. 500 ಮೆಗಾವ್ಯಾಟಿನ ನಾಲ್ಕು ಯೂನಿಟ್, ಒಟ್ಟು 2000. ಗಣಿ ಮುಚ್ಚೋದನ್ನ ವಿರೋಧಿಸಿ ನಡೆದ 1984-85ರ ಮುಷ್ಕರದಲ್ಲಿ, ಈ ಸ್ಟೇಷನ್ ಇರೋ ನಾಟಿಂಗ್‌ಹ್ಯಾಮ್‌ಶೈರ್ ಕಡೆಯ ಬಹುಪಾಲು ಗಣಿ ಕಾರ್ಮಿಕರು ಕೆಲಸಕ್ಕೆ ಹೋಗ್ತಾನೇ ಇದ್ರು, ಮುಷ್ಕರ ಮಾಡಿದೋರಿಗೆ ಅವ್ರ ಮೇಲೆ ಬಂದ ಸಿಟ್ಟು ಊರೂರಲ್ಲಿ, ಮನೆಮನೇಲಿ ಎಷ್ಟೋ ವರ್ಷ ಉಳೀತು. ಹಾಗೆ ಕೆಲಸಕ್ಕೆ ಹೋದೋರ ಗಣಿಗಳೂ ಉಳೀಲಿಲ್ಲ ಅನ್ನೋದೇ ಹೊಟ್ಟೆ ಉರಿಸೋ ವಿಷ್ಯ. ಆ ಕೌಂಟಿಯ ಕೊನೇ ಆಳದ ಗಣಿ ಥೋರ್ಸ್‌ಬಿ 2015ರಲ್ಲಿ ಮುಚ್ತು. ಗಣಿಗಳ ಮಧ್ಯೆ ಕಟ್ಟಿದ ಸ್ಟೇಷನ್‌ಗೆ ಹಡಗಲ್ಲಿ ಹೊರದೇಶದ ಕಲ್ಲಿದ್ದಲು ಬರೋ ಹಾಗಾಯ್ತು!

ಹಾಗಿದ್ರೂ ಇದು ಇಷ್ಟು ದಿನ ಬಾಳಿದ್ದು ದುಡ್ಡು ಸುರಿದಿದ್ದಕ್ಕೆ. ಗಂಧಕ ಹಿಡಿಯೋ ಸ್ಕ್ರಬ್ಬರ್ ಹಾಕಿದ್ರು (ಅದ್ರಿಂದ ಬರೋ ಜಿಪ್ಸಂ ಗೋಡೆ ಬೋರ್ಡ್ ಮಾಡೋಕೆ ಹೋಗ್ತಿತ್ತು), ಆಮೇಲೆ ನೈಟ್ರೋಜನ್ ಆಕ್ಸೈಡಿಗೂ ಬೇರೆ ಉಪಕರಣ. ಆದ್ರೆ 2013ರಿಂದ ಹೊರಬಿಡೋ ಕಾರ್ಬನ್ ಮೇಲೆ ಸರ್ಕಾರ ಹಾಕಿದ ಕನಿಷ್ಠ ಬೆಲೆ ಕಲ್ಲಿದ್ದಲಿನ ಲೆಕ್ಕಾನೇ ಕೆಡಿಸ್ತು. 2012ರಲ್ಲಿ ಬ್ರಿಟನ್ ಕರೆಂಟಲ್ಲಿ ಸುಮಾರು 40% ಕಲ್ಲಿದ್ದಲಿಂದ, 2023ಕ್ಕೆ ಹೆಚ್ಚುಕಡಿಮೆ 1%. ಕೊನೆಕೊನೆಗೆ ಚಳಿಗಾಲದಲ್ಲಿ ಕರೆಂಟ್ ಸಾಲ್ದೇ ಇದ್ದಾಗ ಕರೆಯೋ ಸ್ಟೆಪ್ನಿ ತರ ಆಗೋಗಿತ್ತು.

2024ರ ಜೂನಲ್ಲಿ ಕೊನೇ ಗೂಡ್ಸ್ ರೈಲು ಬಂತು, ಸುಮಾರು 1,650 ಟನ್. ನಾನು ಸುಮ್ನೆ ಲೆಕ್ಕ ಹಾಕಿ ನೋಡ್ದೆ, ನಾಲ್ಕೂ ಯೂನಿಟ್ ಫುಲ್ ಲೋಡಲ್ಲಿ ಓಡಿದ್ರೆ ಅಷ್ಟೂ ಕಲ್ಲಿದ್ದಲು ಎರಡು ಗಂಟೆ ಚಿಲ್ಲರೆಗೆ ಖಾಲಿ.