ಸಾರು ಒಳಗೆ ಹೋಗುವುದಿಲ್ಲ

ಚೀನಾದ ಷಿಯಾನ್ ನಗರದಿಂದ ಮರಳಿ ಐದು ದಿನಗಳಾದವು. ಊಟದ ಮನೆಯ ಆ ಹಿರಿಯ ಕೆಲಸಗಾರ ನನ್ನ ಬಟ್ಟಲನ್ನು ಅಡುಗೆಮನೆಯಿಂದ ತಿರುಗಿ ತಂದು ಮುಂದಿಟ್ಟು, ಒಂದು ರೊಟ್ಟಿಯ ಚೂರನ್ನು ಎರಡು ಬೆರಳುಗಳ ನಡುವೆ ಎತ್ತಿ ಹಿಡಿದು, ಅಲ್ಲವೆಂದು ತಲೆಯಾಡಿಸಿದ ದೃಶ್ಯ ಮಾತ್ರ ಕಣ್ಣ ಮುಂದಿನಿಂದ ಸರಿದಿಲ್ಲ. ಆತನ ಮುಖದಲ್ಲಿ ಕೋಪವಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಆ ಮುಖಭಾವದ ಗುರುತಿದೆ. ತಪ್ಪು ಬರೆದ ಲೆಕ್ಕವನ್ನು ಮತ್ತೊಮ್ಮೆ ಮಾಡೆಂದು ಹುಡುಗನಿಗೆ ಹಲಗೆ ಮರಳಿ ಕೊಡುವ ಮಾಸ್ತರರ ಮುಖ ಅದು.

ಶಾಂಘೈಯಲ್ಲಿ ಕೆಲಸದಲ್ಲಿರುವ ಮಗಳು ನನಗಾಗಿ ಎರಡು ದಿನ ರಜೆ ಹಾಕಿ ಈ ಪ್ರವಾಸವನ್ನು ಗೊತ್ತುಮಾಡಿದ್ದಳು. ಒಂದು ಇಡೀ ದಿನ ಹಳೆಯ ನಗರವನ್ನು ನೋಡುತ್ತ, ಅಲ್ಲಲ್ಲಿ ನಿಂತು ಅಲ್ಲಿನ ತಿನಿಸುಗಳನ್ನು ಸವಿಯುತ್ತ ಸಾಗುವ ಏಳು ಜನರ ಗುಂಪು ನಮ್ಮದು. ಮಾರ್ಗದರ್ಶಿಯಾಗಿ ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತಿಳಿದವಳು, ಶ್ರಮಜೀವಿ, ಯಾರ ಕಾಲು ನೋಯುತ್ತಿದೆ, ಯಾರಿಗೆ ನೀರು ಬೇಕು ಎಂಬುದನ್ನು ಕೇಳದೆಯೇ ಅರಿಯುತ್ತಿದ್ದವಳು. ಆದರೆ ಆಕೆ ಹೇಳಿದ ಎಲ್ಲವೂ ‘ಸುಂದರ’ವಾಗಿಯೂ ‘ರುಚಿಕರ’ವಾಗಿಯೂ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಎರಡು ಮಾತುಗಳು ನನ್ನ ಕಿವಿಯಲ್ಲಿ ಅರ್ಥ ಕಳೆದುಕೊಂಡಿದ್ದವು.

ಬೆಳಿಗ್ಗೆ ಮೊದಲು ಹೋದದ್ದು ದೊಡ್ಡ ಕಾಡುಬಾತಿನ ಪಗೋಡಕ್ಕೆ. ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಕಾಪಾಡಲೆಂದು 652ರಲ್ಲಿ ಕಟ್ಟಿಸಿದ ಗೋಪುರವದು. ಬಾಗಲಕೋಟೆ ಜಿಲ್ಲೆಯ ಶಾಲೆಗಳಲ್ಲಿ ಪಾಠ ಮಾಡಿದವಳಿಗೆ ಆ ಗೋಪುರದ ಕೆಳಗೆ ನಿಲ್ಲುವುದೆಂದರೆ ಏನೆಂದು ಬೇರೆಯವರಿಗೆ ಹೇಗೆ ಹೇಳಲಿ? ಇಮ್ಮಡಿ ಪುಲಕೇಶಿಯನ್ನು ಹರ್ಷನಿಂದ ಮಣಿಸಲಾಗಲಿಲ್ಲವೆಂದು ಐಹೊಳೆಯ ಕಲ್ಲಿನ ಮೇಲೆ ರವಿಕೀರ್ತಿ 634ರಲ್ಲಿ ಬರೆದದ್ದನ್ನು, ಅದರ ಕೆಲವೇ ವರ್ಷಗಳ ನಂತರ ಆ ನಾಡಿಗೆ ಬಂದ ಈ ಪರದೇಶಿ ಭಿಕ್ಷುವೂ ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಪುಲಕೇಶಿಯ ಪ್ರಜೆಗಳು ಸಹಾಯ ಬೇಡಿದವರಿಗಾಗಿ ತಮ್ಮನ್ನೇ ಮರೆಯುವವರು, ಸೇಡು ತೀರಿಸಿಕೊಳ್ಳುವ ಮುನ್ನ ಶತ್ರುವಿಗೆ ಮುನ್ಸೂಚನೆ ಕೊಡುವವರು ಎಂದು ಬರೆದಾತ ಅವನೇ. ಮೆಚ್ಚುಗೆ ಇದ್ದಲ್ಲಿ ಮೆಚ್ಚುಗೆ, ಕಟುತನ ಕಂಡಲ್ಲಿ ಕಟುತನ, ಕಂಡದ್ದನ್ನು ಕಂಡಂತೆ. ನಮ್ಮ ಮಾರ್ಗದರ್ಶಿ ಅವನ ಕಥೆಯನ್ನು ನಾಲ್ಕು ವಾಕ್ಯಗಳಲ್ಲಿ ಮುಗಿಸಿದಳು. 657 ಗ್ರಂಥಗಳನ್ನು ತಂದನು, ಬಹಳ ಧೈರ್ಯಶಾಲಿ, ಗೋಪುರ ಬಹಳ ಸುಂದರ, ಚಿತ್ರ ತೆಗೆದುಕೊಳ್ಳಲು ಹತ್ತು ನಿಮಿಷ. ಉಳಿದದ್ದನ್ನು ನಾನು ಮಗಳಿಗೆ ಕನ್ನಡದಲ್ಲಿ ಹೇಳಿದೆ.

ಮಧ್ಯಾಹ್ನದ ನಂತರ ನೋಡಿದ ದೊಡ್ಡ ಮಸೀದಿಯ ಬಗ್ಗೆಯೇ ಒಂದು ಬರಹ ಬರೆಯಬಹುದು. ಗುಮ್ಮಟವಿಲ್ಲ. ಎತ್ತರದ ಮಿನಾರೂ ಇಲ್ಲ. ಚೀನೀ ದೇಗುಲಗಳ ಹಾಗೆಯೇ ಬಾಗಿದ ಹೆಂಚಿನ ಮಾಡುಗಳು, ಒಂದರ ಹಿಂದೊಂದು ಅಂಗಳ. ಅಕ್ಷ ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ, ಮೆಕ್ಕಾದತ್ತ. ಅದರ ಸುತ್ತಲಿನ ಓಣಿಗಳಲ್ಲಿ ಹುಯಿ ಮುಸಲ್ಮಾನರ ಅಂಗಡಿಗಳು. ಮಾಂಸ ತಿನ್ನದ ನನಗೂ ಅಲ್ಲಿ ಹಸಿವಾಗಲಿಲ್ಲ. ಅಂಟಕ್ಕಿಯನ್ನೂ ಕೆಂಪು ಖರ್ಜೂರದಂತಹ ಹಣ್ಣನ್ನೂ ಅವರೆಯಂತಹ ಕಾಳನ್ನೂ ಪದರಪದರವಾಗಿ ಹಬೆಯಲ್ಲಿ ಬೇಯಿಸಿದ ಜೆಂಗ್‌ಗಾವೊ, ಎಣ್ಣೆಯಲ್ಲಿ ಕರಿದ ಪರ್ಸಿಮನ್ ಹಣ್ಣಿನ ಕಡುಬು, ಕಣ್ಣೆದುರೇ ಹಿಂಡಿ ಕೊಟ್ಟ ದಾಳಿಂಬೆ ರಸ, ಇವಿಷ್ಟರಲ್ಲೇ ಹೊಟ್ಟೆ ತುಂಬಿತ್ತು.

ಕೊನೆಯ ನಿಲುಗಡೆ ಪಾವೊಮೊ ತಿನ್ನಿಸುವ ಹಳೆಯ ಊಟದ ಮನೆ. ಈ ಊರಿನವರ ಹೆಮ್ಮೆಯ ಊಟ ಅದು. ಮೊದಲು ಒಬ್ಬೊಬ್ಬರ ಮುಂದೆ ಅಗಲವಾದ ಖಾಲಿ ಬಟ್ಟಲನ್ನೂ ‘ಮೊ’ ಎಂಬ ಗಟ್ಟಿಯಾದ ದುಂಡು ರೊಟ್ಟಿಗಳನ್ನೂ ಇಡುತ್ತಾರೆ. ಹಿಟ್ಟು ಪೂರ್ತಿ ಹುದುಗಿರುವುದಿಲ್ಲ, ಆದ್ದರಿಂದ ಅದು ಬಿಗಿ. ಆ ರೊಟ್ಟಿಯನ್ನು ಉಣ್ಣುವವರೇ ಕೈಯಿಂದ ಚಿವುಟಿ ಚಿವುಟಿ ಸೋಯಾ ಕಾಳಿನಷ್ಟು ಸಣ್ಣ ಚೂರು ಮಾಡಬೇಕು. ಬಟ್ಟಲು ತುಂಬಿದ ಮೇಲೆ ಗುರುತಿಗೊಂದು ಸಂಖ್ಯೆಯ ಬಿಲ್ಲೆಯೊಂದಿಗೆ ಅದು ಅಡುಗೆಮನೆಗೆ ಹೋಗುತ್ತದೆ. ಅಡುಗೆಯವನು ಒಬ್ಬೊಬ್ಬರ ಬಟ್ಟಲನ್ನೂ ಬೇರೆಬೇರೆಯಾಗಿ ಕುರಿ ಮಾಂಸದ ಸಾರಿನಲ್ಲಿ ಕುದಿಸಿ ಮರಳಿ ಕಳುಹಿಸುತ್ತಾನೆ. ಸಾರೆಲ್ಲ ರೊಟ್ಟಿಯೊಳಗೆ ಇಂಗಿದ್ದರೆ ಅದಕ್ಕೊಂದು ಹೆಸರು, ಕೊನೆಗೆ ಒಂದು ಗುಟುಕು ಉಳಿದರೆ ಇನ್ನೊಂದು ಹೆಸರು. ನಡುವೆ ಚೂರುಗಳ ದಿಬ್ಬ, ಸುತ್ತ ಸಾರು ನಿಂತರೆ ಅದು ‘ನೀರು ಬಳಸಿದ ಊರು’. ಸುಮಾರು 14 ಕಿಲೋಮೀಟರ್ ಕೋಟೆಗೋಡೆ ಮತ್ತು ಅದರ ಸುತ್ತ ಕಂದಕ ಇರುವ ಊರಿನವರಿಗೆ ಈ ಹೆಸರು ಹೊಳೆದದ್ದು ಸಹಜವೇ.

ನಮ್ಮ ಕಡೆಯವರಿಗೆ ರೊಟ್ಟಿ ಮುರಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಉಪ್ಪಿನ ಜೊತೆ ಕುಟ್ಟಿ, ಎಣ್ಣೆ ಹಾಕಿ ಮುಷ್ಟಿಯಲ್ಲಿ ಹಿಡಿದ ಮುಟಗಿ ತಿಂದು ಬೆಳೆದವರು ನಾವು. ಮಗಳಿಗೆ ಅಷ್ಟರಲ್ಲಿ ಕಚೇರಿಯಿಂದ ಕರೆ ಬಂದದ್ದರಿಂದ ಅವಳ ರೊಟ್ಟಿಗಳನ್ನು ನಾನೇ ತೆಗೆದುಕೊಂಡೆ. ನಾನು ಉಣ್ಣದ ಊಟಕ್ಕೆ ಕೈ ಹಾಕಲು ನನಗೆ ಸಂಕೋಚವಾಗಲಿಲ್ಲ, ಏಕೆಂದರೆ ಅವಳು ಚಿಕ್ಕವಳಿದ್ದಾಗ ಹಾಲಿಗೆ ರೊಟ್ಟಿ ಮುರಿದು ಹಾಕಿದ ಕೈಯೇ ಇದು. ಹತ್ತು ನಿಮಿಷದಲ್ಲಿ ಮುಗಿಸಿ ಬಟ್ಟಲು ಮುಂದೆ ತಳ್ಳಿದೆ.

ಆಗ ಆ ಹಿರಿಯ ಕೆಲಸಗಾರ ಬಟ್ಟಲು ಹಿಡಿದು ಮರಳಿ ಬಂದದ್ದು. ಚೂರೊಂದನ್ನು ಎತ್ತಿ ತೋರಿಸಿ ಆತ ಎರಡು ಮಾತು ಹೇಳಿದ. ಮಾರ್ಗದರ್ಶಿ ತಕ್ಷಣ ನಗುತ್ತ ಮುಂದೆ ಬಂದು, “ಅವಸರವೇನಿಲ್ಲ, ಇನ್ನೂ ಸ್ವಲ್ಪ ಹೊತ್ತು ಆನಂದಿಸಿ ಎನ್ನುತ್ತಿದ್ದಾರೆ” ಎಂದಳು. ನಮ್ಮ ಗುಂಪಿನ ಒಬ್ಬರು, ಬೆಳಗಿನಿಂದ ತಾವು ತಿಂದದ್ದಕ್ಕಿಂತ ಚಿತ್ರ ತೆಗೆದದ್ದೇ ಹೆಚ್ಚು, ಇದನ್ನು ಯಂತ್ರದಲ್ಲಿ ಕತ್ತರಿಸಬಾರದೇಕೆ ಎಂದು ಗಟ್ಟಿಯಾಗಿಯೇ ಕೇಳಿದರು. ನನಗೆ ಆ ಮಾತು ಹಿಡಿಸಲಿಲ್ಲ. ಹಣ ಕೊಟ್ಟ ಮಾತ್ರಕ್ಕೆ ಒಂದು ಊರಿನ ಪದ್ಧತಿ ನಮ್ಮ ಸಮಯಕ್ಕೆ ತಕ್ಕಂತೆ ಕುಗ್ಗಬೇಕೆಂದು ಬಯಸುವವರು ಮನೆಯಲ್ಲೇ ಇರುವುದು ಒಳ್ಳೆಯದು.

ಫೋನ್ ಇಳಿಸಿದ ಮಗಳು ಮಾತ್ರ ಮೆಲ್ಲಗೆ, “ಅಮ್ಮ, ಅವರು ಹೇಳಿದ್ದು ಅದಲ್ಲ” ಎಂದಳು. ಆತ ಹೇಳಿದ್ದು ಇಷ್ಟು: “ತುಂಬಾ ದೊಡ್ಡದಾಯಿತು. ಥಾಂಗ್ ಜಿನ್ ಬು ಚ್ಯೂ.” ಸಾರು ಒಳಗೆ ಹೋಗುವುದಿಲ್ಲ.

ಈ ಐದು ದಿನಗಳಲ್ಲಿ ನಾನು ಮತ್ತೆ ಮತ್ತೆ ತಿರುಗಿ ನೋಡುತ್ತಿರುವುದು ಈ ಎರಡು ವಾಕ್ಯಗಳ ನಡುವಿನ ಅಂತರವನ್ನು. ‘ಆನಂದಿಸಿ’ ಎಂಬ ಮಾತಿನಲ್ಲಿ ನಾನೊಬ್ಬ ಪ್ರವಾಸಿ, ನನ್ನ ಚೂರು ದೊಡ್ಡದಾದರೇನು, ಸಣ್ಣದಾದರೇನು. ‘ಸಾರು ಒಳಗೆ ಹೋಗುವುದಿಲ್ಲ’ ಎಂಬ ಮಾತಿನಲ್ಲಿ ಇಡೀ ಅಡುಗೆಯ ಕಾರಣವೇ ಇದೆ. ಬಿಗಿಯಾದ ಹಿಟ್ಟು ಹೊರಗೆ ಮೆದುವಾಗಿ ಒಳಗೆ ಸಪ್ಪೆಯಾಗಿ ಉಳಿಯುತ್ತದೆ, ಅಂಥದ್ದನ್ನು ತಮ್ಮ ಒಲೆಯಿಂದ ಇಳಿಸಲು ಆ ಅಡುಗೆಮನೆಯವರು ಒಪ್ಪುವುದಿಲ್ಲ. ಉಣ್ಣುವವಳು ಆರು ತಾಸು ದೂರದಿಂದ ಬಂದವಳಾದರೂ, ನಾಳೆ ಮತ್ತೆ ಬಾರದವಳಾದರೂ ಒಪ್ಪುವುದಿಲ್ಲ. ಆ ದಿನವಿಡೀ ನನ್ನನ್ನು ಉಣ್ಣುವವರ ಸಾಲಿನಲ್ಲಿ ಕೂರಿಸಿದ ಮಾತು ಅದೊಂದೇ. ಅದನ್ನು ನನ್ನಿಂದ ಮರೆಮಾಡಲಾಗಿತ್ತು.

ಬೆಳಿಗ್ಗೆ ನೋಡಿದ ಗೋಪುರ ಆಗ ನೆನಪಾಯಿತು. ಚೀನೀ ಭಾಷೆಯಲ್ಲಿ ಬೌದ್ಧ ಗ್ರಂಥಗಳ ಅನುವಾದಗಳು ಮೊದಲೇ ಇದ್ದವು. ಅವು ಒಂದಕ್ಕೊಂದು ಹೊಂದದೆ ಸಂಶಯ ಹುಟ್ಟಿಸಿದ್ದರಿಂದಲೇ ಹ್ಯೂಯೆನ್ ತ್ಸಾಂಗ್ ಮೂಲವನ್ನು ಅರಸಿ ಮರುಭೂಮಿ ದಾಟಿ ಹೋದದ್ದು. 645ರಲ್ಲಿ ಮರಳಿದವನು 664ರಲ್ಲಿ ತೀರಿಕೊಳ್ಳುವವರೆಗೂ ಅನುವಾದದಲ್ಲೇ ಮುಳುಗಿ 75 ಕೃತಿಗಳನ್ನು ಮುಗಿಸಿದ. ಕೆಲವು ಪದಗಳನ್ನು ಅನುವಾದಿಸಲೇಬಾರದೆಂಬ ನಿಯಮವೂ ಅವನದೆಂದು ಹೇಳುತ್ತಾರೆ. ‘ಪ್ರಜ್ಞಾ’ ಎಂಬುದನ್ನು ಬುದ್ಧಿವಂತಿಕೆ ಎಂದು ತಿರುಗಿಸಿದರೆ ಅದು ಹಗುರಾಗುತ್ತದೆ, ಆದ್ದರಿಂದ ಆ ಶಬ್ದದ ಧ್ವನಿಯನ್ನೇ ಉಳಿಸಿಕೊಳ್ಳಬೇಕು. ಓದುಗನಿಗೆ ಕಷ್ಟವಾದೀತೆಂದು ಅವನು ಅಂಜಲಿಲ್ಲ. ಕಷ್ಟಪಟ್ಟು ತಿಳಿಯುವ ಯೋಗ್ಯತೆ ಓದುಗನಿಗಿದೆ ಎಂದು ನಂಬಿದ. ಅವನ ಗೋಪುರವನ್ನು ತೋರಿಸಿದ ಕೈಯೇ ಸಂಜೆ ನನಗೆ ಮೆತ್ತಗಿನ ವಾಕ್ಯವೊಂದನ್ನು ಕೊಟ್ಟಿತೆಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಬಟ್ಟಲನ್ನು ಮತ್ತೆ ಹತ್ತಿರಕ್ಕೆಳೆದುಕೊಂಡೆ. ಈ ಬಾರಿ ಮಗಳೂ ಫೋನನ್ನು ಚೀಲದಲ್ಲಿಟ್ಟು ಜೊತೆಗೆ ಕುಳಿತಳು. ಉಗುರಿನಿಂದ ಚಿವುಟುವ ಆ ಕೆಲಸಕ್ಕೆ ಅರ್ಧ ತಾಸಿಗೂ ಹೆಚ್ಚು ಹಿಡಿಯಿತು. ಕೈ ಎರಡೂ ತೊಡಗಿದ್ದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಎರಡು ವರ್ಷಗಳಿಂದ ನನಗೆ ಹೇಳದೆ ಉಳಿಸಿಕೊಂಡಿದ್ದ ಕೆಲವು ಸಂಗತಿಗಳನ್ನು ಅವಳು ಆ ಮೇಜಿನ ಮೇಲೆ ಹೇಳಿದಳು. ಅವು ಇಲ್ಲಿ ಬೇಡ. ಸುತ್ತಲಿನ ಮೇಜುಗಳಲ್ಲಿ ಊರಿನವರೂ ಹಾಗೆಯೇ ತಲೆ ತಗ್ಗಿಸಿ, ಚಿವುಟುತ್ತ, ಮಾತಾಡುತ್ತ ಕುಳಿತಿದ್ದರು. ಎರಡನೆಯ ಸಲ ಆ ಹಿರಿಯ ಬಟ್ಟಲಿನೊಳಗೆ ಬೆರಳಾಡಿಸಿ ನೋಡಿ ಏನೂ ಹೇಳದೆ ತೆಗೆದುಕೊಂಡು ಹೋದ. ಸಿಹಿ ಹುಳಿಯ ಬೆಳ್ಳುಳ್ಳಿ ಉಪ್ಪಿನಕಾಯಿಯ ಜೊತೆ ಮರಳಿ ಬಂದ ಬಟ್ಟಲನ್ನು ಮಗಳು, ಅಲ್ಲಿನವರಂತೆಯೇ, ಕಲಕದೆ ಅಂಚಿನಿಂದ ತಿನ್ನುತ್ತ ಬಂದಳು. ಒಂದು ಚೂರನ್ನು ಕಚ್ಚಿ ಒಳಭಾಗವನ್ನು ನನಗೆ ತೋರಿಸಿದಳು. ನಡುವಿನವರೆಗೂ ಸಾರಿನ ಬಣ್ಣ ಇಳಿದಿತ್ತು.

ಹೊರಗೆ 1380ರ ನಗಾರಿ ಗೋಪುರಕ್ಕೆ ದೀಪ ಹತ್ತಿಸಿದ್ದರು. ಅದರ ಕೆಳಗೆ ಗುಂಪು ಚದುರುವ ಮುನ್ನ ಮಾರ್ಗದರ್ಶಿಯನ್ನು ಪಕ್ಕಕ್ಕೆ ಕರೆದು, ಆತ ಹೇಳಿದ್ದನ್ನು ಹೇಳಿದ ಹಾಗೆ ಏಕೆ ತಿಳಿಸಲಿಲ್ಲವೆಂದು ಕೇಳಿದೆ. ಆಕೆಯ ಮುಖ ಬಾಡಿತು. ಹಿಂದೊಮ್ಮೆ ಹಾಗೆ ಹೇಳಿದ್ದಕ್ಕೆ ಪ್ರವಾಸಿಯೊಬ್ಬರು ಅವಮಾನವಾಯಿತೆಂದು ದೂರು ಬರೆದಿದ್ದರಂತೆ. ಆ ತಿಂಗಳೆಲ್ಲ ಆಕೆಗೆ ಕೆಲಸ ಕಡಿಮೆಯಾಯಿತಂತೆ. ನನ್ನ ಅರ್ಧ ಅಸಮಾಧಾನ ಆ ಕ್ಷಣವೇ ಆ ಅಪರಿಚಿತ ದೂರುದಾರರ ಮೇಲೆ ತಿರುಗಿತು. ನಾನು ಅವಮಾನಗೊಳ್ಳುವವಳಲ್ಲ, ಶಾಲಾ ಶಿಕ್ಷಕಿ, ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು ಎಂದೆ.

ಆಕೆ ಒಂದು ಕ್ಷಣ ನನ್ನನ್ನೇ ನೋಡಿದಳು. ಬೆಳಗಿನಿಂದ ಮುಖದ ಮೇಲಿದ್ದ ಆ ನಗು ಆಗ ಇರಲಿಲ್ಲ.

“ನಿಮ್ಮ ಚೂರುಗಳು ನಿಜವಾಗಿಯೂ ತುಂಬಾ ದೊಡ್ಡದಿದ್ದವು” ಎಂದಳು.

ನಾನು ಆಕೆಯ ಕೈ ಹಿಡಿದುಕೊಂಡೆ.