ಪುಟ ಬೇರೆ, ಹಾಳೆ ಬೇರೆ

16 ಮಾರ್ಚ್ 2024, ಶನಿವಾರ

ಇವತ್ತು ಮಧ್ಯಾಹ್ನ ಒಂದು ಪಾರ್ಸೆಲ್ ಬಂತು. ಎಂಟು ದಿನದ ಹಿಂದೆ ನಾನೇ ಕಟ್ಟಿ ಕಳಿಸಿದ್ದ ಪೆಟ್ಟಿಗೆ. ನನ್ನ ಟೇಪಿನ ಮೇಲೆ ಇನ್ನೊಂದು ಟೇಪು, ವಿಳಾಸದ ಚೀಟಿ ಮಾತ್ರ ಹೊಸದು. ನಾನು ಕೈಯಲ್ಲಿ ಹೊಲಿಯುವ ನೋಟ್‌ಬುಕ್‌ಗಳಿಗೆ ಆನ್‌ಲೈನ್ ಅಂಗಡಿ ಶುರು ಮಾಡಿ ಮೂರು ತಿಂಗಳಾಯಿತು, ವಾಪಸ್ ಬಂದ ಮೊದಲ ನೋಟ್‌ಬುಕ್ ಇದು. ತೆರೆಯೋಕೆ ಮನಸ್ಸೇ ಬರಲಿಲ್ಲ. ಹೊಲಿಗೆ ಬಿಟ್ಟಿರಬೇಕು, ಇಲ್ಲ ರಟ್ಟು ಬಾಗಿರಬೇಕು ಅಂದುಕೊಳ್ಳುತ್ತಾ ಅರ್ಧ ಗಂಟೆ ಅದರ ಎದುರಿಗೆ ಸುಮ್ನೆ ಕೂತಿದ್ದೆ.

ಎರಡೂ ಅಲ್ಲ. ಪುಸ್ತಕ ಕಳಿಸಿದ ಹಾಗೇ ಇತ್ತು. ಜೊತೆಗೊಂದು ಚೀಟಿ. ಹೇಳಿದ್ದರ ಅರ್ಧದಷ್ಟು ಹಾಳೆ ಮಾತ್ರ ಇದೆ, ದುಡ್ಡು ವಾಪಸ್ ಮಾಡಿ ಅಂತ.

192 ಪುಟ ಅಂತ ಬರೆದಿದ್ದೆ. ಇರೋದೂ 192 ಪುಟವೇ. 16 ಪುಟದ ಫಾರಂ (ನಡುವೆ ಮಡಚಿ ಹೊಲಿಯುವ ಕಾಗದದ ಕಟ್ಟು) 12, ನಾನೇ ಮಡಚಿ ನಾನೇ ಹೊಲಿದದ್ದು, ಲೆಕ್ಕ ತಪ್ಪೋಕೆ ಸಾಧ್ಯವೇ ಇಲ್ಲ. ಆದರೆ ಕೊಂಡವರು ಪುಟ ಅಂದರೆ ಹಾಳೆ ಅಂದುಕೊಂಡಿದ್ದಾರೆ. ಹಾಳೆ ಲೆಕ್ಕಕ್ಕೆ ಬಂದರೆ 96. ಮೊದಲು ಸಿಟ್ಟು ಬಂತು. ಪುಟಕ್ಕೂ ಹಾಳೆಗೂ ವ್ಯತ್ಯಾಸ ಗೊತ್ತಿಲ್ಲವಾ ಅಂತ ತಂಗಿಯ ಹತ್ತಿರ ಕೂಗಾಡಿದೆ. ಅವಳು ತಲೆ ಎತ್ತದೆ, "ಕೈಯಲ್ಲಿ ಹಿಡಿದಿದ್ರೆ ಈ ಮಾತೇ ಬರ್ತಿರಲಿಲ್ಲ ಅಲ್ವಾ" ಅಂದಳು.

ನಿಜ. ಎದುರಿಗೆ ಬಂದವರಿಗೆ ಎಷ್ಟು ಪುಟ ಅಂತ ನಾನು ಇವತ್ತಿನವರೆಗೂ ಹೇಳಿದ್ದಿಲ್ಲ. ಅವರು ಪುಸ್ತಕ ಎತ್ತಿಕೊಳ್ಳುತ್ತಾರೆ, ಹೆಬ್ಬೆರಳಿನಿಂದ ಅಂಚನ್ನು ಪರ್ರನೆ ಬಿಡುತ್ತಾರೆ. ದಪ್ಪ ಎಷ್ಟು, ಕಾಗದ ನಯವೋ ಒರಟೋ, ಭಾರ ಎಷ್ಟು, ಎಲ್ಲ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಉಳಿದದ್ದು ಬಾಯಲ್ಲಿ ಕೇಳುತ್ತಾರೆ. ಪರದೆಯ ಮೇಲೆ ಆ ಕೈಯೂ ಇಲ್ಲ, ಬಾಯಿಯೂ ಇಲ್ಲ. ಅವೆರಡರ ಕೆಲಸವನ್ನೂ ನಾನು ಬರೆದು ಇಡಬೇಕು. ವೆಬ್‌ಸೈಟ್ ಮಾಡೋದು ಅಂದರೆ ಇದೇ ಅಂತ ಶುರುವಿನಲ್ಲಿ ಯಾರಾದರೂ ಹೇಳಿದ್ದರೆ ಬಣ್ಣ, ಲೋಗೋ, ಅಕ್ಷರದ ಶೈಲಿ ಅಂತ ಮೂರು ವಾರ ಹಾಳು ಮಾಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಬರೆದ ಮೊದಲ ವಿವರಣೆ ಇನ್ನೂ ಇಟ್ಟುಕೊಂಡಿದ್ದೇನೆ. "ಉತ್ತಮ ಗುಣಮಟ್ಟದ, ಸುಂದರವಾದ, ಕೈಹೊಲಿಗೆಯ ನೋಟ್‌ಬುಕ್." ತಂಗಿ ಓದಿ, "ಇದರಿಂದ ನಂಗೇನು ಗೊತ್ತಾಯ್ತು?" ಅಂತ ಕೇಳಿದ್ದಳು. ಏನೂ ಇಲ್ಲ. ಕೆಟ್ಟ ಗುಣಮಟ್ಟದ್ದು ಅಂತ ಬರೆದುಕೊಳ್ಳುವವರು ಯಾರಿದ್ದಾರೆ?

ಆಮೇಲೆ ಒಂದು ಕೆಲಸ ಮಾಡಿದೆ. ಈ ಮೂರು ತಿಂಗಳಲ್ಲಿ ನಾನು ಮಾಡಿದ ಒಂದೇ ಜಾಣತನ ಅದು. ಹತ್ತು ದಿನ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟು, ಬಂದವರು ಬಾಯಿಬಿಟ್ಟು ಕೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಂಡೆ. ನಲವತ್ತಕ್ಕೂ ಜಾಸ್ತಿ ಪ್ರಶ್ನೆ ಆದವು. ನೋಡಿದರೆ ಅದೇ ಎಂಟೊಂಬತ್ತು ಪ್ರಶ್ನೆ ತಿರುಗಿ ತಿರುಗಿ ಬಂದಿದ್ದವು. ಇಂಕ್ ಪೆನ್ನಲ್ಲಿ ಬರೆದರೆ ಹಿಂದಕ್ಕೆ ಮೂಡುತ್ತಾ? ಪೂರ್ತಿ ಬಿಚ್ಚಿ ಇಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಾ? ಗೆರೆ ಇದೆಯಾ, ಖಾಲಿಯಾ? ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಕಿತ್ತು ಬರುತ್ತಾ? ಈ ಕೊನೆಯ ಪ್ರಶ್ನೆ ಕೇಳಿದವರು ಹೊಲಿದ ಪುಸ್ತಕ ಬಳಸಿದವರೇ ಇರಬೇಕು. ಹೌದು, ಬರುತ್ತದೆ. ಫಾರಂ ಮಡಚಿ ನಡುವೆ ಹೊಲಿಯುವುದರಿಂದ ಆ ಕಡೆಯ ಒಂದು ಹಾಳೆಗೂ ಈ ಕಡೆಯ ಒಂದು ಹಾಳೆಗೂ ಸಂಬಂಧ ಇರುತ್ತದೆ. ಅದನ್ನೂ ಬರೆದು ಹಾಕಿದೆ.

ಹೀಗೆ ವಿವರಣೆ ತಾನಾಗಿ ತಯಾರಾಯಿತು. ಎ5 ಅಳತೆ, ಅಂದರೆ 148 ಮಿಲಿಮೀಟರ್ ಅಗಲ, 210 ಉದ್ದ. ಕಾಗದ 100 ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ 100 ಗ್ರಾಂ ತೂಗುತ್ತದೆ ಅಂತ ಅದರ ಅರ್ಥ. ಆ ಅರ್ಥವನ್ನೂ ಪಕ್ಕದಲ್ಲೇ ಬರೆದೆ, ಎಲ್ಲರಿಗೂ ಗೊತ್ತಿರಬೇಕು ಅಂತೇನಿಲ್ಲವಲ್ಲ. ಜಿಎಸ್‌ಎಂ ಬಿಡಿಸಿ ಹೇಳುವಷ್ಟು ಬುದ್ಧಿ ಇದ್ದವನಿಗೆ ಪುಟ ಬಿಡಿಸಿ ಹೇಳಬೇಕು ಅನ್ನಿಸಲಿಲ್ಲ ನೋಡಿ.

ಫೋಟೋಗಳದ್ದು ಇನ್ನೊಂದು ಕಥೆ. ರಾತ್ರಿ ಬಲ್ಬಿನ ಕೆಳಗೆ ತೆಗೆದಿದ್ದೆ. ಕಡುನೀಲಿ ಬಟ್ಟೆಯ ರಟ್ಟು ಅದರಲ್ಲಿ ಕಪ್ಪಾಗಿ ಕಂಡಿತು. ಕಪ್ಪು ಬೇಕು ಅಂತ ಒಬ್ಬರು ತರಿಸಿಕೊಂಡು, ನೀಲಿಯೂ ಚೆನ್ನಾಗಿದೆ ಅಂತ ಇಟ್ಟುಕೊಂಡರು. ಅವರು ಒಳ್ಳೆಯವರು, ನಾನು ಬಚಾವ್. ಈಗ ಮೋಡ ಇರುವ ದಿನ ಕಿಟಕಿಯ ಪಕ್ಕ, ಬಲ್ಬು ಆರಿಸಿ ತೆಗೆಯುತ್ತೇನೆ. ಹಗಲು ಬೆಳಕು, ಬಲ್ಬಿನ ಬೆಳಕು ಎರಡೂ ಸೇರಿದರೆ ಯಾವ ಬಿಳಿ ನಿಜವಾದ ಬಿಳಿ ಅಂತ ಕ್ಯಾಮೆರಾಗೇ ಗೊಂದಲ. ಪಕ್ಕದಲ್ಲಿ ಯಾವಾಗಲೂ ಒಂದು ಪೆನ್ನು ಇಡುತ್ತೇನೆ. ಮಿಲಿಮೀಟರ್ ಓದುವವರಿಗಿಂತ ಪೆನ್ನಿನ ಪಕ್ಕ ಪುಸ್ತಕ ಎಷ್ಟು ದೊಡ್ಡದು ಅಂತ ನೋಡುವವರೇ ಜಾಸ್ತಿ.

ಆಮೇಲೆ ಫೈಲಿನ ಗಾತ್ರ. ಫೋನಿನಿಂದ ಬಂದ ಚಿತ್ರ 4000 ಪಿಕ್ಸೆಲ್ ಅಗಲ, 3000 ಎತ್ತರ, ಒಂದೊಂದೂ ನಾಲ್ಕೈದು ಎಂಬಿ. ಅಂಥವು ಹನ್ನೆರಡನ್ನು ಮುಖಪುಟಕ್ಕೆ ಏರಿಸಿ, ಸೈಟ್ ಯಾಕೆ ತೆವಳುತ್ತದೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದೆ. ಚಿತ್ರ ನೂರೈವತ್ತು ಕೆಬಿ ಆಸುಪಾಸಿಗೆ ಬಂತು, ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ.

ಇಷ್ಟೆಲ್ಲ ಮಾಡಿದರೂ ಮೊದಲ ಆರು ವಾರ ಒಂದು ನರಪಿಳ್ಳೆಯೂ ಸೈಟಿಗೆ ತಾನಾಗಿ ಬರಲಿಲ್ಲ. ಗೂಗಲ್‌ನಲ್ಲಿ ನನ್ನ ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದರೂ ಇಲ್ಲ. ಪೈಪೋಟಿ ಜಾಸ್ತಿ, ಜಾಹೀರಾತು ಕೊಡಬೇಕು ಅಂತ ಇಬ್ಬರು ಸಲಹೆ ಕೊಟ್ಟರು. ಕೊಡೋಕೂ ಹೊರಟಿದ್ದೆ. ಒಂದು ಸಂಜೆ ಬೇರೇನನ್ನೋ ಹುಡುಕುತ್ತಾ, ನನ್ನ ಸೈಟ್ ಕಟ್ಟಿರುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್ ಒಳಗೆ ಹೋದೆ. ಅಲ್ಲೊಂದು ಚೌಕ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸದಿರಲಿ ಅನ್ನುವ ಚೌಕ. ಅದರಲ್ಲಿ ಟಿಕ್. ಅರೆಬರೆ ಸೈಟ್ ಯಾರಿಗೂ ಕಾಣದಿರಲಿ ಅಂತ ಕಟ್ಟುವಾಗ ನಾನೇ ಹಾಕಿದ್ದ ಟಿಕ್. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಗಿರಾಕಿ ಯಾಕೆ ಬರುತ್ತಿಲ್ಲ ಅಂತ ಕೊರಗುತ್ತಾ ಕೂತಿದ್ದೆ. ಟಿಕ್ ತೆಗೆದೆ. ಇದನ್ನು ಬರೆಯೋಕೆ ಈಗಲೂ ನಾಚಿಕೆ ಆಗುತ್ತದೆ. ಆದರೆ ಹೊಸದಾಗಿ ಸೈಟ್ ಮಾಡುವವರು ಯಾರಾದರೂ ಓದುತ್ತಿದ್ದರೆ, ಈಗಲೇ ಎದ್ದು ಹೋಗಿ ಆ ಚೌಕ ನೋಡಿ ಬನ್ನಿ.

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಅದರ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ. ನನಗಾಗಿ ಮೊದಲು ಸೈಟ್ ಮಾಡಿಕೊಟ್ಟವರು ಹೆಸರನ್ನು ತಮ್ಮ ಖಾತೆಯಲ್ಲೇ ನೋಂದಾಯಿಸಿದ್ದರು. ಕೇಳಿದಾಗ ಬಿಟ್ಟುಕೊಟ್ಟರು, ಆದರೆ ಹೊಸದಾಗಿ ನೋಂದಾಯಿಸಿದ ಹೆಸರನ್ನು 60 ದಿನ ಬೇರೆ ಕಂಪನಿಗೆ ಸಾಗಿಸೋಕೆ ಬರುವುದಿಲ್ಲ. ಕಾದೆ. ಸೈಟ್ ಯಾರು ಬೇಕಾದರೂ ಕಟ್ಟಲಿ, ಹೆಸರು ಮಾತ್ರ ನಮ್ಮ ಖಾತೆಯಲ್ಲಿ, ನಮ್ಮ ಇಮೇಲ್‌ಗೆ ಇರಬೇಕು.

ಇನ್ನು ಪೆಟ್ಟಿಗೆ. ಮೊದಲ ಆರ್ಡರ್ ಬಂದಾಗ ಖುಷಿಯಲ್ಲಿ, ಪುಸ್ತಕಕ್ಕೆ ಒಂದು ಗೀರೂ ಬೀಳಬಾರದು ಅಂತ ಮನೆಯಲ್ಲಿದ್ದ ದೊಡ್ಡ ಪೆಟ್ಟಿಗೆಗೆ ಕಾಗದದ ಚೂರು ತುಂಬಿ, ನಡುವೆ ಪುಸ್ತಕ ಇಟ್ಟು ಕಳಿಸಿದೆ. ಪುಸ್ತಕದ ತೂಕ 400 ಗ್ರಾಂ. ಕೊರಿಯರ್‌ನವರು ಬಿಲ್ ಹಾಕಿದ್ದು ಮೂರು ಕಿಲೋಗೆ. ಜಗಳಕ್ಕೇ ನಿಂತೆ. ಅವರು ಶಾಂತವಾಗಿ ಟೇಪು ಹಿಡಿದು ಅಳೆದರು. 30 ಸೆಂಟಿಮೀಟರ್, 25, 20. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ ಮೂರು. ಪಾರ್ಸೆಲ್ ಗಾಡಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಅನ್ನುವುದರ ಲೆಕ್ಕ ಅದು. ಅದೂ ನಿಜವಾದ ತೂಕವೂ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ನಾನು ಗಾಳಿಗೆ ದುಡ್ಡು ಕೊಟ್ಟಿದ್ದೆ. ಈಗಿನ ಪೆಟ್ಟಿಗೆ 23, 17, 4. ಅದೇ ಲೆಕ್ಕದಲ್ಲಿ ಮುನ್ನೂರು ಗ್ರಾಂ ಚಿಲ್ಲರೆ ಬರುತ್ತದೆ. ಪುಸ್ತಕದ ತೂಕಕ್ಕಿಂತ ಕಡಿಮೆ, ಹಾಗಾಗಿ ಪುಸ್ತಕದ ತೂಕಕ್ಕೇ ಬಿಲ್. ಪೆಟ್ಟಿಗೆಯೊಳಗೆ ಅಲ್ಲಾಡೋಕೆ ಜಾಗವೂ ಇಲ್ಲ, ಮೂಲೆ ಜಜ್ಜಿಹೋಗೋದೂ ನಿಂತಿತು.

ಸಾಗಣೆ ಖರ್ಚು ಎಷ್ಟು ಅಂತ ಖಚಿತವಾದ ಮೇಲೇ ಅದನ್ನು ಪುಸ್ತಕದ ಬೆಲೆಯ ಪಕ್ಕದಲ್ಲೇ ತೋರಿಸೋಕೆ ಆಯಿತು. ಮೊದಲು ಅದು ಕೊನೆಯ ಹಂತದಲ್ಲಿ, ಕಾರ್ಡ್ ನಂಬರ್ ಹಾಕುವ ಹೊತ್ತಿಗೆ ಧುತ್ತೆಂದು ಎದುರಾಗುತ್ತಿತ್ತು. ಎಷ್ಟೋ ಜನ ಬುಟ್ಟಿಗೆ ಹಾಕಿ ಅಲ್ಲೇ ಬಿಟ್ಟು ಹೋಗುತ್ತಿದ್ದರು. ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. ಬೇಮಾರ್ಡ್ ಅನ್ನುವ ಸಂಶೋಧನಾ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ತೆಗೆದ ಸರಾಸರಿ ನೋಡಿದರೆ, ಆನ್‌ಲೈನ್ ಬುಟ್ಟಿಗಳಲ್ಲಿ ಹತ್ತಕ್ಕೆ ಏಳು ಹೀಗೆ ಅರ್ಧದಲ್ಲೇ ಉಳಿಯುತ್ತವಂತೆ. ಸುಮ್ನೆ ನೋಡೋಕೆ ಬಂದವರನ್ನು ಬಿಟ್ಟರೆ, ದೊಡ್ಡ ಕಾರಣ ಕೊನೆಗೆ ಸೇರಿಕೊಳ್ಳುವ ಹೆಚ್ಚುವರಿ ಖರ್ಚು. ನಾನೂ ಕೊಳ್ಳುವಾಗ ಮಾಡೋದು ಅದನ್ನೇ ತಾನೇ.

ಒಂದೇ ಪುಸ್ತಕ ಇಬ್ಬರಿಗೆ ಮಾರಿದ್ದೂ ಆಯಿತು. ಕೈಯಿಂದ ಬಣ್ಣ ತೇಲಿಸಿ ಮಾಡುವ ಮಾರ್ಬಲ್ ಕಾಗದದ ರಟ್ಟು ಪ್ರತಿಯೊಂದೂ ಬೇರೆ ಬೇರೆ, ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ಅಂಥದ್ದೊಂದನ್ನು ಎದುರಿಗೆ ಬಂದವರಿಗೆ ಕೊಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಟಣ್ ಅಂತು. ಅದೇ ಪುಸ್ತಕ ಆನ್‌ಲೈನ್‌ನಲ್ಲೂ ಹೋಗಿತ್ತು. ಕ್ಷಮೆ ಕೇಳಿ ದುಡ್ಡು ವಾಪಸ್ ಕಳಿಸಿದೆ. ಇದಕ್ಕೆಲ್ಲ ದೊಡ್ಡ ಸಾಫ್ಟ್‌ವೇರ್ ಇದೆ ಅಂದರು. ನಾನು ಎರಡನೇ ಕಪಾಟು ತಂದಿಟ್ಟೆ. ಅದರಲ್ಲಿರೋದು ಸೈಟಿಗೆ ಮಾತ್ರ, ಎದುರಿಗೆ ಬಂದವರು ಎಷ್ಟು ಆಸೆ ಪಟ್ಟರೂ ಕೊಡೋದಿಲ್ಲ. ಇವತ್ತಿನವರೆಗೂ ಕೆಲಸ ಮಾಡುತ್ತಿದೆ.

ಚೀಟಿ ಓದಿದ ಮೇಲೆ ನೆನಪಾದದ್ದು ಈಬೇ ಕಥೆ. 1995ರಲ್ಲಿ ಪಿಯರ್ ಒಮಿಡ್ಯಾರ್ ಆ ಹರಾಜಿನ ಸೈಟ್ ಶುರು ಮಾಡಿದಾಗ ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಅದು ಕೆಟ್ಟಿದೆ ಅಂತ ಅರ್ಥವಾಗಿದೆಯಾ ಅಂತ ಒಮಿಡ್ಯಾರ್ ಕೊಂಡವರನ್ನೇ ಕೇಳಿದರಂತೆ. ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನು ಕೂಡಿಡುವವನು ನಾನು ಅಂತ ಆತ ಉತ್ತರ ಕೊಟ್ಟರಂತೆ. ಕೇಳಿದವರೆಲ್ಲ ನಗುವುದು ಕೊಂಡವನ ಹುಚ್ಚಿಗೆ. ನನಗೆ ಇವತ್ತು ಕಂಡದ್ದು ಮಾರಿದವನ ಆ ಪ್ರಶ್ನೆ. ಕೆಟ್ಟಿದೆ ಅಂತ ಮೊದಲೇ ಹೇಳಿಯಾಗಿದ್ದರೂ, ಅದು ಆ ಕಡೆ ತಲುಪಿತೇ ಅಂತ ಇನ್ನೊಮ್ಮೆ ಕೇಳಿಕೊಂಡಿದ್ದರು.

ಸಂಜೆ ದುಡ್ಡು ವಾಪಸ್ ಕಳಿಸಿದೆ, ಎರಡೂ ಕಡೆಯ ಸಾಗಣೆ ಖರ್ಚು ಸೇರಿಸಿ. ತಪ್ಪು ಯಾರದ್ದು ಅಂತ ವಾದ ಮಾಡಲಿಲ್ಲ. ಆಮೇಲೆ ಎಲ್ಲ ಪುಸ್ತಕಗಳ ವಿವರಣೆ ತೆರೆದು "96 ಹಾಳೆ, ಎರಡೂ ಬದಿ ಸೇರಿ 192 ಪುಟ" ಅಂತ ತಿದ್ದಿದೆ. ಹದಿನಾಲ್ಕು ಕಡೆ ಇತ್ತು. ದಪ್ಪ ಎಷ್ಟು ಅಂತ ಒಂದರಲ್ಲೂ ಇರಲಿಲ್ಲ. ಸ್ಕೇಲ್ ತಗೊಂಡು ಅಳೆದು ಅದನ್ನೂ ಸೇರಿಸಿದೆ. ಬೆನ್ನು ಕಾಣುವ ಹಾಗೆ ಪುಸ್ತಕ ನಿಲ್ಲಿಸಿ ಒಂದು ಫೋಟೋ ಬೇಕು, ಅದು ನಾಳೆ ಬೆಳಕಿನಲ್ಲಿ.

ಮಲಗೋಣ ಅಂತ ಎದ್ದಾಗ ಸೈಟಿನಿಂದ ಒಂದು ಮೆಸೇಜು. "ನಾನು ಎಡಗೈಯಲ್ಲಿ ಬರೆಯೋದು. ಇಂಕ್ ಪೆನ್ನು. ನಿಮ್ಮ ಪುಸ್ತಕ ಸರಿಹೋಗುತ್ತಾ?"

ನನ್ನ ಪಟ್ಟಿಯಲ್ಲಿ ಈ ಪ್ರಶ್ನೆ ಇಲ್ಲ. ವಾಪಸ್ ಬಂದ ಪುಸ್ತಕವನ್ನೇ ತೆರೆದು, ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡು ನನ್ನ ಹೆಸರು ಬರೆದೆ. ಅಕ್ಷರ ಒಂದನೇ ಕ್ಲಾಸಿನವರದ್ದರ ಹಾಗೆ ಬಂತು, ಅದಿರಲಿ. ಬರೆಯುತ್ತಾ ಹೋದ ಹಾಗೆ ಅಂಗೈಯ ಅಂಚು ಹಿಂದಿನಿಂದ ಬಂದು ಹಸಿ ಅಕ್ಷರಗಳ ಮೇಲೆ ಜಾರಿತು. ಇಂಕು ಹಿಂದಕ್ಕೆ ಮೂಡುವುದಿಲ್ಲ ಅಂತ ನಾನು ಹೆಮ್ಮೆಯಿಂದ ಬರೆದಿದ್ದೆನಲ್ಲ, ಆ ಕಾಗದ ಇಂಕನ್ನು ಬೇಗ ಹೀರುವುದಿಲ್ಲ. ಅದಕ್ಕೇ ಒಣಗೋದೂ ನಿಧಾನ. ಗಡಿಯಾರ ಇಟ್ಟು ನೋಡಿದೆ. ಹತ್ತು ಸೆಕೆಂಡಿಗೆ ಬೆರಳಿಟ್ಟರೆ ಮೆತ್ತುತ್ತದೆ, ಇಪ್ಪತ್ತಕ್ಕೆ ಇಲ್ಲ.

ಅದನ್ನೇ ಬರೆದು ಕಳಿಸಿದೆ. ಮೆತ್ತಿಕೊಂಡ ಹೆಸರಿನ ಫೋಟೋ ಸಮೇತ.