ಬರೇ ಖರ್ಜ ಬರತದ

12 ನವೆಂಬರ್ 2024, ಮಂಗಳವಾರ
ಸಪ್ತಾಪುರ, ಧಾರವಾಡ

ಸಂಜೆ ಮೆಟ್ಟಿಲ ಹತ್ತಿರ ಕೆಳಗಿನ ಮನೆಯ ಅಜ್ಜಾರು ಸಿಕ್ಕರು. ನಾಳೆ ತುಳಸಿ ಲಗ್ನ. ಒಂದು ಕೈಯಲ್ಲಿ ಕಬ್ಬು, ಇನ್ನೊಂದರಲ್ಲಿ ನೆಲ್ಲಿ ಟೊಂಗೆ. ಕಬ್ಬು ನಾನು ಇಸಿದುಕೊಂಡೆ. ಬಾಗಿಲ ತನಕ ಏನೂ ಅನ್ನಲಿಲ್ಲ. ಕೀಲಿ ತೆಗೆಯುವಾಗ ಮೆಲ್ಲಗೆ ಶುರು ಮಾಡಿದರು.

“ತಮ್ಮಾ, ರಾತ್ರಿ ಗಿಟಾರ ಬಾರಸ್ತೀಯಲ್ಲ, ಏನ್ ಬಾರಸ್ತೀ ಅನ್ನೋದ ನಮಗ ತಿಳಿಯಂಗಿಲ್ಲ ನೋಡು. ಸ್ವರ ಬರಂಗಿಲ್ಲ. ಬರೇ ಖರ್ಜ ಬರತದ, ತಗ್ಗಿನ ದನಿ. ಮಂಚದ ಕಾಲಾಗಿಂದ ಬರತದ.”

“ತ್ರಾಸ ಆತೇನ್ರಿ ಅಜ್ಜಾರ?”

“ನನಗೇನಿಲ್ಲ ಬಿಡು. ಅಕಿಗೆ ನಿದ್ದಿ ಹತ್ತಂಗಿಲ್ಲ.”

ಅಜ್ಜಿಗೆ ಮೊಣಕಾಲಿನ ಆಪರೇಶನ್ ಆಗಿ ಇನ್ನೂ ತಿಂಗಳಾಗಿಲ್ಲ. ನನಗದು ಗೊತ್ತಿತ್ತು.

“ವಾಲ್ಯೂಮ್ ಒಂದರ ಮ್ಯಾಲ ಏರಿಸೇ ಇಲ್ರಿ” ಅನ್ನುವ ಮಾತು ಬಾಯಿಗೆ ಬಂದಿತ್ತು. ಅನ್ನಲಿಲ್ಲ, ಒಳ್ಳೆಯದಾಯಿತು. ಮೇಲೆ ಬಂದು ನೋಡಿದರೆ ಆಂಪಿನ, ಅಂದರೆ ಗಿಟಾರಿನ ದನಿ ಹಿಗ್ಗಿಸುವ ಪೆಟ್ಟಿಗೆಯ, ಬೇಸ್ (ತಗ್ಗಿನ ಸ್ವರದ) ಗುಂಡಿ ಎಂಟರ ಮೇಲಿತ್ತು. ಏರಿಸಿದವನು ನಾನೇ. ದನಿ ಇಳಿಸಿದಷ್ಟೂ ನಮ್ಮ ಕಿವಿಗೆ ತಗ್ಗಿನ ಸ್ವರ ಕಡಿಮೆ ದಕ್ಕುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದು ಇದನ್ನೇ. ಸಣ್ಣ ದನಿಯಲ್ಲಿ ಗಿಟಾರ್ ತೆಳ್ಳಗಾಯಿತು ಅಂತ ದಿನಕ್ಕಿಷ್ಟು ಬೇಸ್ ತುಂಬುತ್ತ ಹೋದೆ. ಗೋಡೆ, ಸ್ಲ್ಯಾಬು ಮೇಲಿನ ಸ್ವರವನ್ನು ತಡೆಯುತ್ತವೆ, ತಗ್ಗಿನದನ್ನು ಬಿಟ್ಟುಕೊಡುತ್ತವೆ. ಅದರಲ್ಲೂ ಆಂಪ್ ಇದ್ದದ್ದು ಟೈಲ್ಸಿನ ಮೇಲೆ, ಮೂಲೆಯಲ್ಲಿ. ಮೂಲೆ ಬೇಸನ್ನು ಇನ್ನಷ್ಟು ಉಬ್ಬಿಸುತ್ತದೆ. ನನ್ನ ಕಿವಿಗೆ ಅಂತ ಹಾಕಿದ್ದೆಲ್ಲ ಆ ಅಜ್ಜಿಯ ಮಂಚಕ್ಕೆ ಇಳಿದಿದೆ, ಎಷ್ಟು ರಾತ್ರಿ!

ಗೆಳೆಯನಿಗೆ ಫೋನ್ ಹಚ್ಚಿದೆ. ಚಿಕ್ಕ ಆಂಪ್ ತಗೋ ಅಂದ. ನನ್ನದು ಇಎಲ್84 ಎಂಬ ಗಾಜಿನ ಕೊಳವೆಯ ವಾಲ್ವ್ ಎರಡಿರುವ 15 ವ್ಯಾಟಿನದು. ಒಂದೂವರೆ ವ್ಯಾಟಿಗೆ ಇಳಿದರೂ ಕಡಿಮೆಯಾಗುವುದು 10 ಡೆಸಿಬಲ್, ಕಿವಿಗೆ ಸುಮಾರು ಅರ್ಧ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೇ ಮೀಟರ್ ದೂರದಲ್ಲಿ 97ರ ಆಸುಪಾಸು ಡೆಸಿಬಲ್ ಬರುತ್ತದೆ. ವಸತಿ ಪ್ರದೇಶಕ್ಕೆ ಕಾನೂನು ಇಟ್ಟಿರುವ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ 45. ವ್ಯಾಟಿನ ಲೆಕ್ಕದಿಂದ ಇದು ಬಗೆಹರಿಯುವುದಲ್ಲ. ಹೆಡ್‌ಫೋನ್ ಇದೆ, ಆದರೆ ತಂತಿ ಮಿಡಿದಾಗ ಎದೆಗೆ ತಾಗುವ ಗಾಳಿ ಅದರಲ್ಲಿಲ್ಲ.

ಊಟ ಆದ ಮೇಲೆ ಅವ್ವನ ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿಗೆ ಕುರ್ಚಿಯ ಮೇಲೆ ಹಾಸಿ, ಆಂಪ್ ಅದರ ಮೇಲಿಟ್ಟೆ. ಗೋಡೆಯಿಂದ ಮೂರು ಅಡಿ ಈಚೆ, ಸ್ಪೀಕರ್ ನೇರ ನನ್ನ ಮುಖಕ್ಕೆ. ಗಿಟಾರ್ ಸ್ಪೀಕರಿನ ಮೇಲಿನ ಸ್ವರಗಳು ಹೆಚ್ಚಾಗಿ ನೇರ ಮುಂದಕ್ಕೇ ಹೋಗುತ್ತವೆ; ನೆಲದ ಮೇಲಿದ್ದಾಗ ನಿಂತವನ ಕಿವಿಗೆ ಅವು ಅಷ್ಟಾಗಿ ಮುಟ್ಟುವುದಿಲ್ಲ. ಬೇಸ್ ಮೂರಕ್ಕೆ ಇಳಿಸಿದೆ, ಮಿಡ್, ಅಂದರೆ ನಡುವಿನ ಸ್ವರ, ಏಳಕ್ಕೆ ಏರಿಸಿದೆ. ದನಿಯನ್ನು ಒರಟಾಗಿಸುವ ಗೇನ್ ಗುಂಡಿಯನ್ನು ಏಳರಿಂದ ನಾಲ್ಕಕ್ಕೆ ತಂದೆ. ಆಗ ಒಂದೊಂದು ತಂತಿ ಬೇರೆ ಬೇರೆಯಾಗಿ ಕೇಳತೊಡಗಿತು. ವಾಲ್ಯೂಮ್ ಅದೇ ಒಂದು. ಆರು ತಿಂಗಳಿಂದ ಹುಡುಕುತ್ತಿದ್ದ ದನಿ ಅದು, ಪೂರ್ತಿ ಅಲ್ಲದಿದ್ದರೂ.

ತಂಗಿಗೆ ದಪ್ಪ ಇ ತಂತಿಯನ್ನು ಬಿಟ್ಟು ಬಿಟ್ಟು ಮೀಟುತ್ತಿರು ಅಂತ ಹೇಳಿ ಕೆಳಗೆ ಹೋದೆ. ಅಜ್ಜಿ ಎಚ್ಚರವಿದ್ದರು. ಮಂಚದ ಕಾಲಿಗೆ ಅಂಗೈ ಹಚ್ಚಿ ಕೂತೆ. 82 ಹರ್ಟ್ಸಿನ ಆ ಸ್ವರ ಕಟ್ಟಿಗೆಯೊಳಗೆ ಇರುವೆ ಹರಿದ ಹಾಗೆ ಬಂತು, ಹೋಯಿತು.

“ಮೊದಲಿನಂಗ ಇಲ್ಲ ತಮ್ಮಾ,” ಅಜ್ಜಿ ಅಂದರು. ಸುಳ್ಳು ಹೇಳುವವರಲ್ಲ ಅವರು. “ಆದ್ರ ಬರತದ.”

ಅಜ್ಜಾರು ಆ ಮಾತಿಗೆ ಏನೂ ಹೇಳದೆ ಮೂಲೆಯ ತಂಬೂರಿಯ ಗವಸಣಿಗೆ ತೆಗೆದರು. ಯಾಕೆ ತೆಗೆದರೋ ಮೊದಲು ತಿಳಿಯಲಿಲ್ಲ. ಒಂದು ತಂತಿ ಮೀಟಿದರು, ಮೊಂಡಾಗಿತ್ತು. ತಂತಿಗಳನ್ನು ಹೊತ್ತ ಪಟ್ಟಿ, ಕುದುರೆಯ ಮೇಲೆ ತಂತಿಯ ಕೆಳಗಿದ್ದ ಹತ್ತಿಯ ಎಳೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಸರಿಸಿದರು. ಮತ್ತೆ ಮೀಟಿದರು. ಇನ್ನೊಂದು ಚೂರು. ಒಂದು ಕಡೆ ಬಂದಾಗ ದನಿ ಬಿಚ್ಚಿಕೊಂಡಿತು, ಒಂದೇ ತಂತಿಯಿಂದ ಮೇಲಿನ ಸ್ವರಗಳೆಲ್ಲ ಸಾಲಾಗಿ ಹೊರಟವು, ಕೋಣೆ ತುಂಬಿತು. ಬೆರಳಿನ ಒತ್ತು ಮೊದಲಿನಷ್ಟೇ.

“ಜವಾರಿ ಹತ್ತಿತು,” ಅಂದರು. ತಂತಿ ಕುದುರೆಯನ್ನು ಸವರಿ ಹೊರಡಿಸುವ ಝೇಂಕಾರಕ್ಕೆ ಆ ಹೆಸರು. “ಜೋರ ಮಾಡಬೇಕಾಗಿಲ್ಲೋ ತಮ್ಮಾ, ಜಾಗಾ ಸಿಗಬೇಕು.”

ಅಷ್ಟರಲ್ಲಿ ಅಜ್ಜಿ ಆ ಕಡೆ ಮಗ್ಗುಲಾದರು. ನಿದ್ದೆಯೋ, ನೋವೋ. ಎದ್ದು ಬಂದೆ.

ಈಗ ರಾತ್ರಿ ಹನ್ನೊಂದು. ಆಂಪ್ ಆರಿಸಿದೆ, ಹಿಂದಿನ ಜಾಳಿಗೆಗೆ ಕೈ ಹಿಡಿದರೆ ವಾಲ್ವ್ ಇನ್ನೂ ಬೆಚ್ಚಗಿವೆ. ವಾಲ್ವಿನಲ್ಲಿ ಆ ಮೇಲಿನ ಸ್ವರಗಳು ಹುಟ್ಟಬೇಕಾದರೆ ಅದನ್ನು ಜೋರಾಗಿ ದುಡಿಸಬೇಕು, ತಂಬೂರಿಗೆ ಕುದುರೆಯ ಇಳಿಜಾರು ಮತ್ತು ಒಂದು ಎಳೆ ಸಾಕು. ಹಾಗಾದರೆ ನನ್ನ ಹತ್ತಿರ ಆ ಎಳೆ ಎಲ್ಲಿ, ತಂತಿಯ ಕಂಪನ ಹಿಡಿಯುವ ಪಿಕ್‌ಅಪ್ಪಿನ ಎತ್ತರವೋ, ಮಿಡಿಯುವ ಜಾಗವೋ? ಬ್ರಿಜ್ (ಗಿಟಾರಿನ ಕುದುರೆ) ಹತ್ತಿರ ಮಿಡಿದಾಗ ಒಮ್ಮೆ ಹಾಗೆ ತೆರೆದುಕೊಂಡಿತ್ತು. ನಾಳೆ ಲಗ್ನ ಆದ ಮೇಲೆ, ಅಜ್ಜಿ ಎದ್ದು ಕೂತಿರುವ ಹೊತ್ತಿಗೆ, ಕೌದಿ ಇನ್ನೊಂದು ಮಡಿಕೆ ಹಾಕಿ, ಟೋನ್ ಗುಂಡಿ ತಿರುಗಿಸಿ ನೋಡಬೇಕು.